ಟ್ರಾಮಿನ ಮೂತಿಯ ಕೆಳಗೆ ತೂಗುವ ಮರದ ಗೇಟು

ಪ್ರಶ್ನೆ: ನಾವು ಮೆಲ್ಬರ್ನ್‌ಗೆ ಬಂದು ಆರು ವರ್ಷವಾಯಿತು. ಈಗ ಹಾಸನದಿಂದ ಅಪ್ಪ, ಅಮ್ಮ ಮೂರು ತಿಂಗಳಿಗೆಂದು ಬಂದಿದ್ದಾರೆ. ಊರ ನಡುವೆ ಸುತ್ತುವ ಹಳೆಯ ಟ್ರಾಮಿನ ಬಂಪರ್ ಕೆಳಗೆ ಮರದ ಪಟ್ಟಿಗಳ ಗೇಟಿನಂಥದ್ದೊಂದು ತೂಗುವುದನ್ನು ಅಪ್ಪ ಗಮನಿಸಿ, ಅದೇನು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಹೊಸ ಟ್ರಾಮುಗಳಲ್ಲಿ ಅದು ಕಾಣಿಸುವುದಿಲ್ಲ. ಹಾಗಾದರೆ ಅವು ಅಪಾಯವೇ? ಕಳೆದ ವಾರ ಅಮ್ಮ ಟ್ರಾಮು ಇಳಿದು ಅದರ ಹಿಂದಿನಿಂದ ರಸ್ತೆ ದಾಟಲು ಹೊರಟಾಗ ಆಚೆ ಹಳಿಯಲ್ಲಿ ಇನ್ನೊಂದು ಟ್ರಾಮು ಬಂತು. ಕೈ ಹಿಡಿದು ಎಳೆದುಕೊಂಡೆ. ಅಂದಿನಿಂದ ಅಪ್ಪನದು ಒಂದೇ ಮಾತು: ಬಿದ್ದರೆ ಎರಡು ಹಳಿಗಳ ನಡುವೆ ಅಂಗಾತ ಮಲಗಿಬಿಡಬೇಕು, ಗಾಡಿ ಮೇಲಿಂದ ಹೋಗುತ್ತದೆ ಅಂತ. ಇದು ನಿಜವೇ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನಿಜವಲ್ಲ. ನಿಮ್ಮ ತಂದೆಯವರಿಗೆ ಇವತ್ತೇ ಹೇಳಿ.

ಹಳಿಗಳ ನಡುವೆ ಮಲಗಿ ಬದುಕಿ ಬಂದವರ ಕಥೆಗಳು ನಮ್ಮ ಕಡೆ ರೈಲಿನ ಬಗ್ಗೆ ಓಡಾಡುತ್ತವೆ. ರೈಲಿನ ಹಳಿ ಸ್ಲೀಪರುಗಳ ಮೇಲೆ ಎದ್ದು ನಿಂತಿರುತ್ತದೆ, ನಡುವೆ ಒಂದಿಷ್ಟು ತಗ್ಗು ಸಿಗುತ್ತದೆ. ಆ ಕಥೆಗಳನ್ನೂ ನೆಚ್ಚಿಕೊಳ್ಳಬಾರದು. ಟ್ರಾಮಿನಲ್ಲಂತೂ ಆ ತಗ್ಗೇ ಇಲ್ಲ. ಟ್ರಾಮಿನ ಹಳಿಯನ್ನು ರಸ್ತೆಯೊಳಗೆ ಹೂತಿರುತ್ತಾರೆ. ಹಳಿಯ ನೆತ್ತಿಯೂ ಡಾಂಬರೂ ಒಂದೇ ಮಟ್ಟ. ಹಳೆಯ ಗಾಡಿಗಳಲ್ಲಿ ಅಚ್ಚಿನ ಪಕ್ಕದಲ್ಲೇ ಮೋಟಾರು, ಗೇರುಪೆಟ್ಟಿಗೆ ಜೋತುಬಿದ್ದಿರುತ್ತವೆ. ಅವಕ್ಕೂ ರಸ್ತೆಗೂ ನಡುವೆ ಇರುವುದು ಹೆಚ್ಚೆಂದರೆ ಅರ್ಧ ಗೇಣು. ಅಂಗಾತ ಮಲಗಿದ ದೊಡ್ಡವರ ಎದೆಯ ಎತ್ತರವೇ ಹತ್ತಿರಹತ್ತಿರ ಒಂದು ಗೇಣಾಗುತ್ತದೆ. ಟ್ರಾಮಿನ ಕೆಳಗೆ ಮನುಷ್ಯನಿಗೆ ಜಾಗವಿಲ್ಲ. ಅಪ್ಪ ನೋಡಿದ ಆ ಮರದ ಗೇಟು ಹುಟ್ಟಿದ್ದೇ ಈ ಕಾರಣಕ್ಕೆ. ಬಿದ್ದವರು ಗಾಡಿಯ ಕೆಳಗೆ ಹೋಗಲೇಬಾರದು, ಹೋಗುವ ಮೊದಲೇ ಯಾವುದಾದರೂ ಒಂದು ವಸ್ತು ಅವರನ್ನು ತಡೆದು ಎತ್ತಿಕೊಳ್ಳಬೇಕು.

ಇಂಗ್ಲಿಷ್ ಆಡುವ ಊರುಗಳ ಡಿಪೋಗಳಲ್ಲಿ ಇದಕ್ಕೆ ಲೈಫ್‌ಗಾರ್ಡ್ ಎನ್ನುತ್ತಾರೆ. ಕೋಲ್ಕತ್ತದಲ್ಲಿ ಜನರ ಬಾಯಲ್ಲಿ ಕ್ಯಾಚರ್. ಕನ್ನಡದಲ್ಲಿ ಇದಕ್ಕೆ ಹೆಸರಿಲ್ಲ, ಏಕೆಂದರೆ ನಮ್ಮ ಯಾವ ಊರಿನಲ್ಲೂ ಟ್ರಾಮು ಓಡಲಿಲ್ಲ. ಟ್ರಾಮಿನ ಜೊತೆ ಬದುಕಿದ ಕನ್ನಡಿಗರೆಂದರೆ ಹೆಚ್ಚಾಗಿ ಮುಂಬಯಿಯವರು. ಹೋಟೆಲು, ಗಿರಣಿ, ಆಫೀಸು ಎಂದು ಅಲ್ಲಿಗೆ ಹೋದ ನಮ್ಮವರು 1964ರ ಮಾರ್ಚ್ 31ರಂದು ಕೊನೆಯ ಟ್ರಾಮು ನಿಲ್ಲುವವರೆಗೂ ಅದರಲ್ಲಿ ಓಡಾಡಿದ್ದಾರೆ. ಅಂಥ ಮನೆಗಳ ಹಿರಿಯರನ್ನು ಕೇಳಿದರೆ ಟ್ರಾಮಿನ ಗಂಟೆಯ ಸದ್ದು ಈಗಲೂ ನೆನಪಿದೆ ಎನ್ನುತ್ತಾರೆ.

ನೀವು ನೋಡಿದ್ದು ಇಡೀ ಸಾಧನದ ಅರ್ಧ ಭಾಗ ಮಾತ್ರ. ಮುಂದೆ ತೂಗುವ ಗೇಟು ಯಾರನ್ನೂ ಹಿಡಿಯುವುದಿಲ್ಲ, ಹಿಡಿಯುವ ಕೆಲಸ ಅದರದಲ್ಲ. ಅದರ ಹಿಂದೆ, ಮೊದಲ ಗಾಲಿಗಳಿಗೆ ಸ್ವಲ್ಪ ಮುಂಚೆ, ಗಾಡಿಯ ಅಗಲಕ್ಕೂ ಒಂದು ತಟ್ಟೆ ಇರುತ್ತದೆ. ಮರದ ಪಟ್ಟಿಗಳನ್ನು ಜೋಡಿಸಿದ್ದು, ಅಡುಗೆಮನೆಯ ಮೊರದ ಹಾಗೆ. ಹಿಂಬದಿಯ ಅಂಚು ಕೀಲಿನ ಮೇಲೆ ಕೂತಿರುತ್ತದೆ; ಮುಂಬದಿಯ ಅಂಚನ್ನು ಎತ್ತಿ ಒಂದು ಕೊಕ್ಕೆಗೆ ಸಿಕ್ಕಿಸಿರುತ್ತಾರೆ. ಮುಂದಿನ ಗೇಟಿನಿಂದ ಈ ಕೊಕ್ಕೆಗೆ ಒಂದು ಕಬ್ಬಿಣದ ಸರಳು. ಬಿದ್ದ ಮನುಷ್ಯನ ಮೈ ಗೇಟಿಗೆ ತಾಗಿದರೆ ಗೇಟು ಹಿಂದಕ್ಕೆ ಸರಿಯುತ್ತದೆ, ಸರಳು ಕೊಕ್ಕೆಯನ್ನು ಬಿಡಿಸುತ್ತದೆ, ತಟ್ಟೆಯ ಮುಂದಿನ ಅಂಚು ದಡ್ ಎಂದು ಹಳಿಯ ಮೇಲೆ ಬೀಳುತ್ತದೆ. ಇಲಿಬೋನಿನ ಕೊಕ್ಕೆ ಕಳಚುವುದೂ ಹೀಗೆಯೇ. ಗಾಡಿ ಮುಂದೆ ಜಾರುತ್ತಿದ್ದಂತೆ ಆ ಮನುಷ್ಯ ತಟ್ಟೆಯ ಮೇಲೆ ಬರುತ್ತಾನೆ, ನೆಲದ ಮೇಲಿನ ಕಾಳನ್ನು ಮೊರಕ್ಕೆ ಬಾಚಿಕೊಂಡಂತೆ. ಹಿಂದೆ ಉರುಳುತ್ತಿರುವ ಉಕ್ಕಿನ ಗಾಲಿಗೂ ಅವನಿಗೂ ನಡುವೆ ಆ ತಟ್ಟೆ ನಿಲ್ಲುತ್ತದೆ. ಗಾಡಿ ನಿಂತ ಮೇಲೆ ತಟ್ಟೆಯನ್ನು ಮತ್ತೆ ಮೇಲೆತ್ತಿ ಕೊಕ್ಕೆಗೆ ಸಿಕ್ಕಿಸಲು ಪೆಡಲೋ ಹಿಡಿಯೋ ಇರುತ್ತದೆ.

ವಿದ್ಯುತ್ತಿಲ್ಲ, ಗಾಳಿಯ ಒತ್ತಡವಿಲ್ಲ, ಚಾಲಕ ಏನೂ ಮಾಡಬೇಕಿಲ್ಲ. ಚಾಲಕನಿಗೆ ಕಾಣದಿದ್ದರೂ, ಅವನು ಗಾಬರಿಯಲ್ಲಿ ಕೈಕಾಲು ಆಡದೆ ನಿಂತಿದ್ದರೂ, ತಟ್ಟೆ ಬೀಳುತ್ತದೆ. ನೂರು ವರ್ಷಕ್ಕೂ ಹಿಂದಿನ ಈ ವಿನ್ಯಾಸದ ಬಗ್ಗೆ ನನಗಿರುವ ಗೌರವಕ್ಕೆ ಇದೇ ಕಾರಣ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಹಡ್ಸನ್ ಅಂಡ್ ಬೋರಿಂಗ್ ಕಂಪನಿಯ ಮಾದರಿ ಬ್ರಿಟಿಷ್ ಟ್ರಾಮುಗಳಲ್ಲಿ ಹೆಸರಾಯಿತು.

ರೈಲು ಎಂಜಿನ್ನಿನ ಮುಂದಿರುವ ಕೌಕ್ಯಾಚರ್ ಜೊತೆ ಇದನ್ನು ಬೆರೆಸಬೇಡಿ. ಅದರ ಹೆಸರಿನಲ್ಲಿ ಹಿಡಿಯುವ ಮಾತಿದ್ದರೂ ಅದು ಯಾರನ್ನೂ ಹಿಡಿಯುವುದಿಲ್ಲ. ಹಳಿಯ ಮೇಲೆ ನಿಂತ ದನವನ್ನೋ ಬಿದ್ದ ಕೊಂಬೆಯನ್ನೋ ಪಕ್ಕಕ್ಕೆ ಎಸೆಯುತ್ತದೆ, ರೈಲು ಹಳಿ ತಪ್ಪದಿರಲಿ ಎಂದು. ಅದು ಕಾಯುವುದು ರೈಲನ್ನು. ಟ್ರಾಮಿನ ತಟ್ಟೆ ಕಾಯುವುದು ಹೊರಗಿನವರನ್ನು, ಗಾಡಿಗೆ ಚಿಕ್ಕಾಸೂ ಕೊಡದೆ ರಸ್ತೆಯಲ್ಲಿ ನಡೆಯುತ್ತಿದ್ದವರನ್ನು.

ಇದರ ಅಗತ್ಯ ಬಿದ್ದದ್ದು ಯಾವಾಗ ಎಂದು ನೋಡಿದರೆ ಕಥೆ ಸ್ಪಷ್ಟವಾಗುತ್ತದೆ. ಮೊದಲು ಟ್ರಾಮನ್ನು ಎಳೆಯುತ್ತಿದ್ದದ್ದು ಕುದುರೆ. ಕೋಲ್ಕತ್ತದಲ್ಲಿ 1873ರಲ್ಲಿ, ಮುಂಬಯಿಯಲ್ಲಿ 1874ರಲ್ಲಿ ಕುದುರೆ ಟ್ರಾಮು ಶುರುವಾಯಿತು. ಕುದುರೆಗೆ ಕಣ್ಣಿದೆ. ಎದುರಿಗೆ ಮಗು ಓಡಿಬಂದರೆ ಅದು ತಾನಾಗಿಯೇ ಬೆದರಿ ನಿಲ್ಲುತ್ತದೆ, ಇಲ್ಲವೇ ಪಕ್ಕಕ್ಕೆ ಸರಿಯಲು ನೋಡುತ್ತದೆ. ವೇಗವೂ ಜೋರು ನಡಿಗೆಗಿಂತ ಸ್ವಲ್ಪ ಹೆಚ್ಚು ಅಷ್ಟೆ. 1888ರಲ್ಲಿ ಅಮೆರಿಕದ ರಿಚ್‌ಮಂಡ್ ನಗರದಲ್ಲಿ ಫ್ರಾಂಕ್ ಸ್ಪ್ರೇಗ್ ವಿದ್ಯುತ್ ಟ್ರಾಮುಗಳ ದೊಡ್ಡ ಜಾಲವೊಂದನ್ನು ಓಡಿಸಿ ತೋರಿಸಿದ ಮೇಲೆ, ಹತ್ತೇ ವರ್ಷದಲ್ಲಿ ಅಮೆರಿಕದ ಊರೂರಿನಲ್ಲಿ ಕುದುರೆಗಳು ಲಾಯ ಬಿಟ್ಟು ಹೋದವು. ಮದರಾಸಿಗೆ 1895ರಲ್ಲಿ, ಕೋಲ್ಕತ್ತಕ್ಕೆ 1902ರಲ್ಲಿ, ಮುಂಬಯಿಗೆ 1907ರಲ್ಲಿ ವಿದ್ಯುತ್ ಟ್ರಾಮು ಬಂತು. ಗಾಡಿಯ ತೂಕ ಹೆಚ್ಚಿತು, ವೇಗ ಎರಡು ಮೂರು ಪಟ್ಟಾಯಿತು, ಮುಂದೆ ಇದ್ದ ಕಣ್ಣುಳ್ಳ ಪ್ರಾಣಿ ಇಲ್ಲವಾಗಿ ಬರಿಯ ಬಂಪರು ಉಳಿಯಿತು. ಆದರೆ ಬೀದಿಯ ಜನ ಹಳೆಯ ಜನರೇ. ರಸ್ತೆಯ ನಡುವೆ ನಡೆಯುವುದು, ನಿಂತು ಮಾತಾಡುವುದು, ಮಕ್ಕಳು ಆಡುವುದು, ಇದೆಲ್ಲ ಅಲ್ಲಿಯತನಕ ಯಾರ ತಪ್ಪೂ ಆಗಿರಲಿಲ್ಲ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಈ ಬದಲಾವಣೆ ತುಂಬಾ ಕ್ರೂರವಾಗಿ ಬಂತು. ವಿದ್ಯುತ್ ಟ್ರಾಮಿಗೆ ಅಲ್ಲಿ ಟ್ರಾಲಿ ಎನ್ನುತ್ತಿದ್ದರು. 1890ರ ದಶಕದಲ್ಲಿ ಅಲ್ಲಿ ಟ್ರಾಲಿಗಳ ಕೆಳಗೆ ಸಿಕ್ಕಿ ಸತ್ತವರಲ್ಲಿ ಮಕ್ಕಳು ಅನೇಕ. ಪತ್ರಿಕೆಗಳು ಟ್ರಾಲಿಗಳ ಮೇಲೆ ಮುಗಿಬಿದ್ದವು. ಟ್ರಾಲಿಗಳಿಂದ ಅತ್ತಿತ್ತ ಹಾರಿ ತಪ್ಪಿಸಿಕೊಳ್ಳುವುದೇ ಬ್ರೂಕ್ಲಿನ್ ಜನರ ಗುರುತಾಗಿಹೋಗಿ, ಅಲ್ಲಿನ ಬೇಸ್‌ಬಾಲ್ ತಂಡಕ್ಕೆ ಟ್ರಾಲಿ ಡಾಡ್ಜರ್ಸ್, ಅಂದರೆ ಟ್ರಾಲಿಯಿಂದ ತಪ್ಪಿಸಿಕೊಳ್ಳುವವರು, ಎಂಬ ಅಡ್ಡಹೆಸರು ಅಂಟಿಕೊಂಡಿತು. ಆ ತಂಡ ಆಮೇಲೆ ಲಾಸ್ ಏಂಜಲಿಸ್‌ಗೆ ಹೋಯಿತು, ಹೆಸರು ಇನ್ನೂ ಡಾಡ್ಜರ್ಸ್ ಎಂದೇ ಇದೆ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಕನ್ನಡದ ಹುಡುಗರು ಆ ನೀಲಿ ಟೋಪಿ ಹಾಕಿಕೊಂಡು ಓಡಾಡುವುದನ್ನು ನೋಡಿದಾಗಲೆಲ್ಲ ನನಗೆ ಆ ಬೀದಿಯ ಮಕ್ಕಳು ನೆನಪಾಗುತ್ತಾರೆ.

ಜನರ ಒತ್ತಾಯಕ್ಕೆ ಅಮೆರಿಕದ ಊರುಗಳು ಟ್ರಾಮಿಗೆ ಫೆಂಡರ್, ಅಂದರೆ ಜನರನ್ನು ಕಾಯುವ ಮುಂದಿನ ತಡೆ, ಕಡ್ಡಾಯ ಮಾಡತೊಡಗಿದವು. ಪೇಟೆಂಟುಗಳ ಸುಗ್ಗಿಯೇ ಆಯಿತು. ಅಲ್ಲಿ ಹೆಚ್ಚು ಬಳಕೆಗೆ ಬಂದದ್ದು ಗಾಡಿಯ ಮುಂದಕ್ಕೆ ಚಾಚಿಕೊಂಡ ಬುಟ್ಟಿ ಅಥವಾ ಬಲೆ. ನಿಂತವರ ಕಾಲಿಗೆ ಅದು ತಾಗಿದರೆ ಅವರು ಹಿಂದಕ್ಕೆ ವಾಲಿ ಬಲೆಯೊಳಗೆ ಕೂರಬೇಕು ಎನ್ನುವುದು ಯೋಚನೆ. ಹಾಳೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ರಸ್ತೆಯಲ್ಲಿ ತೊಂದರೆಗಳು ಒಂದೊಂದಾಗಿ ಬಂದವು. ಬ್ರೇಕು ಹಾಕಿದಾಗ ಗಾಡಿಯ ಮೂತಿ ಬಾಗುತ್ತದೆ, ಹಳಿಯ ಉಬ್ಬುತಗ್ಗಿನಲ್ಲಿ ಮೇಲೆ ಕೆಳಗೆ ಆಡುತ್ತದೆ. ಬುಟ್ಟಿಯ ತುದಿ ಗಾಲಿಯಿಂದ ದೂರವಿದ್ದಷ್ಟೂ ಈ ಆಟ ಹೆಚ್ಚು. ನೆಲಕ್ಕೆ ಉಜ್ಜದಿರಲಿ ಎಂದು ಬುಟ್ಟಿಯನ್ನು ಎತ್ತರಿಸಿದರೆ ಬಿದ್ದ ಮಗು ಅದರ ಕೆಳಗೇ ನುಸುಳಿಹೋಗುತ್ತದೆ; ತಗ್ಗಿಸಿದರೆ ರಸ್ತೆಗೆ ಬಡಿದು ಮುರಿಯುತ್ತದೆ. ಗಾಡಿಯ ಉದ್ದ ಹೆಚ್ಚುತ್ತದೆ, ಸಂದಣಿಯಲ್ಲಿ ಜನ ಬುಟ್ಟಿಗೇ ಎಡವುತ್ತಾರೆ. ಎರಡೂ ದಿಕ್ಕಿಗೆ ಓಡುವ ಗಾಡಿಯಾದರೆ ಕೊನೆಯ ನಿಲ್ದಾಣದಲ್ಲಿ ಹಿಂದಿನದನ್ನು ಮಡಚಿ ಮುಂದಿನದನ್ನು ಬಿಚ್ಚಬೇಕು. 1908ರಲ್ಲಿ ನ್ಯೂಯಾರ್ಕಿನ ಸಾರ್ವಜನಿಕ ಸೇವಾ ಆಯೋಗ ಇಂಥ ಸಾಧನಗಳನ್ನು ಕಲೆಹಾಕಿ, ಮನುಷ್ಯನಷ್ಟೇ ಗಾತ್ರದ ಗೊಂಬೆಗಳನ್ನು ಹಳಿಯ ಮೇಲಿಟ್ಟು ಪರೀಕ್ಷೆ ಮಾಡಿಸಿತು. ಕಾರುಗಳಿಗೆ ಗೊಂಬೆಗಳ ಪರೀಕ್ಷೆ ಬರುವುದಕ್ಕೆ ದಶಕಗಳ ಮೊದಲೇ ಟ್ರಾಮುಗಳಿಗೆ ಅದು ಬಂದಿತ್ತು.

ಬ್ರಿಟಿಷ್ ಮಾದರಿಯ ಗೇಟು ಮತ್ತು ತಟ್ಟೆ ಈ ಇಕ್ಕಟ್ಟಿಗೆ ಬೇರೆ ದಾರಿ ಹಿಡಿಯಿತು: ತಟ್ಟೆಯನ್ನು ಗಾಲಿಯ ಹತ್ತಿರ ಇಡು, ಅಲ್ಲಿ ಗಾಡಿಯ ಆಟ ಕಡಿಮೆ, ಬೇಡವಾದಾಗ ಮೇಲೆತ್ತಿಡು, ಬೇಕಾದಾಗ ಮಾತ್ರ ಬೀಳಿಸು. ನಿಮ್ಮ ಊರಿನ ಡಬ್ಲ್ಯೂ ಮಾದರಿಯ ಟ್ರಾಮುಗಳು 1923ರಿಂದ ತಯಾರಾದಂಥವು. ಅವುಗಳ ಕೆಳಗೆ ಇರುವುದು ಈ ಪರಂಪರೆಯ ಸಾಧನವೇ.

ಇದರ ಮಿತಿಯನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ. ತಟ್ಟೆಯ ಅಂಚು ಹಳಿಯಿಂದ 10 ಸೆಂಟಿಮೀಟರ್ ಮೇಲಿದೆ ಎನ್ನಿ. ತನ್ನ ತೂಕಕ್ಕೆ ತಾನೇ ಅಷ್ಟು ದೂರ ಬೀಳಲು ಯಾವುದೇ ವಸ್ತುವಿಗೆ ಸುಮಾರು 0.14 ಸೆಕೆಂಡು ಬೇಕು. ಕಣ್ಣುರೆಪ್ಪೆ ಮುಚ್ಚಿ ತೆರೆಯುವುದಕ್ಕೂ ಕಡಿಮೆ. ಆದರೆ ಗಂಟೆಗೆ 20 ಕಿಲೋಮೀಟರ್ ವೇಗದ ಟ್ರಾಮು ಅಷ್ಟರಲ್ಲಿ 80 ಸೆಂಟಿಮೀಟರ್ ಮುಂದೆ ಬಂದಿರುತ್ತದೆ. 30 ಕಿಲೋಮೀಟರ್ ಆದರೆ ಸುಮಾರು 1.2 ಮೀಟರ್, 40 ಆದರೆ 1.6 ಮೀಟರ್. ಗೇಟಿಗೂ ತಟ್ಟೆಗೂ ನಡುವೆ ಒಂದೂಕಾಲು ಮೀಟರ್ ಅಂತರವಿದ್ದರೆ, 20ರ ವೇಗದಲ್ಲಿ ತಟ್ಟೆ ನೆಲ ಮುಟ್ಟಿ ಕಾದಿರುತ್ತದೆ, 30ರಲ್ಲಿ ಕೂದಲೆಳೆಯಲ್ಲಿ ಗೆಲ್ಲುತ್ತದೆ, 40ರಲ್ಲಿ ಸೋಲುತ್ತದೆ. ಬಿದ್ದವರ ಮೈಯನ್ನು ಗೇಟು ಒಂದಿಷ್ಟು ಮುಂದಕ್ಕೆ ತಳ್ಳುವುದರಿಂದಲೂ, ತಟ್ಟೆಗೆ ಸ್ಪ್ರಿಂಗಿನ ಒತ್ತು ಕೊಡುವುದರಿಂದಲೂ ಸ್ವಲ್ಪ ಸಮಯ ಉಳಿಯುತ್ತದೆ. ಆದರೂ ಈ ಸಾಧನ ನಿಧಾನದ ವೇಗದ್ದು, ಪೇಟೆಬೀದಿಯದ್ದು.

ಈಗ ಇದೇ ಲೆಕ್ಕದಲ್ಲಿ ತುಕ್ಕನ್ನು ಸೇರಿಸಿ. ಕೀಲಿನಲ್ಲಿ ಗ್ರೀಸು ಒಣಗಿ, ಧೂಳು ಕೂತು, ಕೊಕ್ಕೆ ಬಿಡುವುದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೆ ಸಾಕು. 30ರ ವೇಗದಲ್ಲಿ ಅದು 80 ಸೆಂಟಿಮೀಟರಿಗೂ ಹೆಚ್ಚು, ಅಂದರೆ ಒಂದು ಮಗುವಿನ ಉದ್ದ.

ನಾನು ನನ್ನ ಕೆಲಸದ ಬಹುಪಾಲು ವರ್ಷಗಳನ್ನು ಬ್ರೇಕುಗಳ ಜೊತೆ ಕಳೆದವನು. ಬಹಳ ಹಿಂದೆ ಒಂದು ಡಿಪೋದಲ್ಲಿ ಪಿಟ್‌ಗೆ ಇಳಿದು ಒಂದು ಹಳೆಯ ಗಾಡಿಯ ಹೊಟ್ಟೆ ನೋಡುತ್ತಿದ್ದೆ. ತಟ್ಟೆ ಜಾಗದಲ್ಲೇ ಇತ್ತು, ಬಣ್ಣವೂ ಹೊಸದು. ಆದರೆ ಅದರ ಅಂಚನ್ನು ಒಂದು ತಂತಿಯಿಂದ ಮೇಲಕ್ಕೆ ಬಿಗಿದು ಕಟ್ಟಿದ್ದರು. ಕೊಕ್ಕೆ ಸವೆದಿದ್ದರಿಂದ ದಾರಿಯ ಕುಲುಕಾಟಕ್ಕೇ ತಟ್ಟೆ ಬೀಳುತ್ತಿತ್ತಂತೆ. ಬಿದ್ದಾಗಲೆಲ್ಲ ಗಾಡಿ ನಿಲ್ಲಿಸಬೇಕು, ಸಮಯ ತಪ್ಪುತ್ತದೆ, ಬೈಗುಳ ತಿನ್ನಬೇಕು. ಯಾರೋ ಬೇಸತ್ತು ಕಟ್ಟಿಬಿಟ್ಟಿದ್ದರು. ಆ ಗಾಡಿ ಎಷ್ಟು ದಿನ ಹಾಗೆ ಜನರ ನಡುವೆ ಓಡಿತ್ತೋ. ಹೊರಗಿನಿಂದ ನೋಡಿದವರಿಗೆ ಮುಂದೆ ಗೇಟು ತೂಗುತ್ತಲೇ ಇತ್ತು. ಆ ತಂತಿಯನ್ನು ನಾನೇ ಕತ್ತರಿಸಿದೆ. ಕೊಕ್ಕೆ ಬದಲಾಗುವವರೆಗೆ ಗಾಡಿಯನ್ನು ಹೊರಗೆ ಬಿಡುವುದಿಲ್ಲ ಎಂದು ಹಟ ಹಿಡಿದೆ. ಇಷ್ಟು ವರ್ಷವಾದರೂ ಯಾವ ಊರಿನಲ್ಲಿ ಹಳೆಯ ಟ್ರಾಮು ಕಂಡರೂ ನನ್ನ ಕಣ್ಣು ಮೊದಲು ಹೋಗುವುದು ಆ ಕೊಕ್ಕೆಯ ಕಡೆಗೆ. ಚೆನ್ನಾಗಿ ನೋಡಿಕೊಳ್ಳುವ ಡಿಪೋಗಳಲ್ಲಿ ಗಾಡಿ ಹೊರಡುವ ಮೊದಲು ಗೇಟನ್ನು ಕಾಲಿನಿಂದ ಒತ್ತಿ ತಟ್ಟೆ ಬೀಳುವ ಸದ್ದು ಕೇಳಿಸಿಕೊಳ್ಳುತ್ತಾರೆ. ಅರ್ಧ ನಿಮಿಷದ ಕೆಲಸ. ಅದನ್ನು ಬಿಟ್ಟರೆ ಉಳಿದದ್ದೆಲ್ಲ ಬರಿಯ ಮರದ ಪಟ್ಟಿ.

ಎಲ್ಲ ಸರಿಯಾಗಿದ್ದರೂ ಈ ಸಾಧನ ಡಿಕ್ಕಿಯನ್ನು ತಡೆಯುವುದಿಲ್ಲ ಎಂಬುದನ್ನು ಮರೆಯಬಾರದು. ಬಂಗಾಳಿಯ ದೊಡ್ಡ ಕವಿ ಜೀವನಾನಂದ ದಾಸ್ 1954ರ ಅಕ್ಟೋಬರ್ 14ರ ಸಂಜೆ ಕೋಲ್ಕತ್ತದ ರಾಸಬಿಹಾರಿ ಅವೆನ್ಯೂನಲ್ಲಿ ಟ್ರಾಮಿಗೆ ಸಿಕ್ಕಿದರು. ಅವರ ದೇಹ ಕ್ಯಾಚರಿಗೆ ಸಿಕ್ಕಿಕೊಂಡಿತ್ತು, ಪಕ್ಕೆಲುಬು, ತೊಡೆಯ ಮೂಳೆ ಮುರಿದಿದ್ದವು ಎಂದು ಬಂಗಾಳಿಯಲ್ಲಿ ದಾಖಲಾಗಿದೆ. ಎಂಟು ದಿನ ಆಸ್ಪತ್ರೆಯಲ್ಲಿದ್ದು 22ರಂದು ತೀರಿಕೊಂಡರು. ಗಾಲಿ ಹರಿಯದಿದ್ದರೂ ಹತ್ತಾರು ಟನ್ನಿನ ಗಾಡಿಯ ಹೊಡೆತವೇ ಸಾಕು. ಮೆಲ್ಬರ್ನಿನ ಯಾರಾ ಟ್ರಾಮ್ಸ್‌ನವರು 2011ರಲ್ಲಿ ಒಂದು ಟ್ರಾಮು 30 ಘೇಂಡಾಮೃಗಗಳಷ್ಟು ತೂಗುತ್ತದೆ ಎಂದು ಪೋಸ್ಟರು ಹಚ್ಚಿದ್ದರು. ಸ್ಕೇಟ್‌ಬೋರ್ಡಿನ ಮೇಲೆ ಬರುವ ಘೇಂಡಾಮೃಗದ ಚಿತ್ರ. ಅಮ್ಮನಿಗೆ ಆ ಚಿತ್ರ ಹುಡುಕಿ ತೋರಿಸಿ, ನನ್ನ ಪುಟಗಟ್ಟಲೆ ವಿವರಣೆಗಿಂತ ಬೇಗ ಮನಸ್ಸಿಗೆ ಹೋಗುತ್ತದೆ.

ಸ್ಕೇಟ್‌ಬೋರ್ಡು ಅಲ್ಲಿ ಸುಮ್ಮನೆ ಬಂದಿಲ್ಲ. ಡಾಂಬರಿನ ಮೇಲೆ ರಬ್ಬರು ಟೈರು ಕಚ್ಚಿಕೊಳ್ಳುವ ಹಾಗೆ ಉಕ್ಕಿನ ಹಳಿಯನ್ನು ಉಕ್ಕಿನ ಗಾಲಿ ಕಚ್ಚುವುದಿಲ್ಲ. ಒಣ ರಸ್ತೆಯಲ್ಲಿ ಟೈರಿಗೆ ಸಿಗುವ ಹಿಡಿತದ ಮೂರನೇ ಒಂದು ಭಾಗವೂ ಅದಕ್ಕೆ ಸಿಗುವುದು ಕಷ್ಟ; ತುಂತುರು ಮಳೆಯಲ್ಲಿ, ಎಲೆ ಉದುರುವ ಕಾಲದಲ್ಲಿ ಇನ್ನೂ ಕಡಿಮೆ. ಅದಕ್ಕೇ ಟ್ರಾಮುಗಳು ಮರಳು ಹೊತ್ತಿರುತ್ತವೆ, ಗಾಲಿಯ ಮುಂದೆ ಹಳಿಗೆ ಉದುರಿಸಲು. ಗಾಲಿಗಳ ನಡುವೆ ನೇರವಾಗಿ ಹಳಿಗೆ ಅಂಟಿಕೊಳ್ಳುವ ಅಯಸ್ಕಾಂತದ ಬ್ರೇಕು ಬೇರೆ ಇರುತ್ತದೆ. ಇಷ್ಟೆಲ್ಲ ಬಳಸಿ ತುರ್ತಾಗಿ ನಿಲ್ಲಿಸಿದರೂ, 40 ಕಿಲೋಮೀಟರ್ ವೇಗದ ಟ್ರಾಮು ಚಾಲಕನ ಒಂದು ಸೆಕೆಂಡಿನ ಪ್ರತಿಕ್ರಿಯೆಯೂ ಸೇರಿ 30 ಮೀಟರಿಗಿಂತ ಹೆಚ್ಚು ಓಡುತ್ತದೆ. 20ರ ವೇಗಕ್ಕೆ 10 ಮೀಟರ್ ಚಿಲ್ಲರೆ. ಸ್ಟೀರಿಂಗು ಇಲ್ಲ, ಪಕ್ಕಕ್ಕೆ ತಿರುಗಿಸುವ ಮಾತೇ ಇಲ್ಲ. ಇನ್ನೊಂದು ವಿಷಯ, ಚಾಲಕ ಒಳಗೆ ನಿಂತಿರುವ ಹತ್ತಾರು ವೃದ್ಧರ, ಬಸುರಿಯರ ಬಗ್ಗೆಯೂ ಯೋಚಿಸಬೇಕು. ಪೂರ್ತಿ ಬ್ರೇಕು ಒತ್ತಿದರೆ ಅವರು ಬೀಳುತ್ತಾರೆ. ಆ ಅರೆಗಳಿಗೆಯಲ್ಲಿ ಚಾಲಕರು ಅನುಭವಿಸುವುದನ್ನು ಹತ್ತಿರದಿಂದ ಕಂಡಿದ್ದೇನೆ. ಒಮ್ಮೆ ಅಂಥದ್ದಾದರೆ ಕೆಲವರು ಮತ್ತೆ ಆ ಸೀಟಿನಲ್ಲಿ ಕೂರಲೇ ಇಲ್ಲ.

ಹೊಸ ಟ್ರಾಮುಗಳ ವಿಷಯಕ್ಕೆ ಬರೋಣ. ಗೇಟು ಕಾಣದಿದ್ದರೆ ರಕ್ಷಣೆ ಇಲ್ಲವೆಂದಲ್ಲ. ಈಗಿನ ಗಾಡಿಗಳ ನೆಲವೇ ತಗ್ಗು. ಮೂತಿಯ ಹೊದಿಕೆ ರಸ್ತೆಯ ಹತ್ತಿರದವರೆಗೂ ಇಳಿದಿರುತ್ತದೆ. ಅದರ ಹಿಂದೆ, ಕಣ್ಣಿಗೆ ಬೀಳದ ಹಾಗೆ, ಬಿದ್ದವರನ್ನು ಗಾಲಿಗೆ ಹೋಗದಂತೆ ತಡೆಯುವ ಚೌಕಟ್ಟು ಅಥವಾ ಬೀಳುವ ತಟ್ಟೆ ಇಡುತ್ತಾರೆ. ಕೆಲವು ಗಾಡಿಗಳಲ್ಲಿ ಅದು ಬೀಳುತ್ತಲೇ ತುರ್ತು ಬ್ರೇಕೂ ತಾನಾಗಿ ಹಾಕಿಕೊಳ್ಳುತ್ತದೆ. ಇದಕ್ಕಿಂತ ದೊಡ್ಡ ಬದಲಾವಣೆ ಆಗಿರುವುದು ಯೋಚನೆಯಲ್ಲಿ. ಹಿಂದಿನವರು ಬಿದ್ದವರನ್ನು ಹಿಡಿಯಲು ನೋಡಿದರು. ಈಗಿನವರು ತಾಗಿದವರನ್ನು ಹಳಿಯಿಂದ ಆಚೆ ಸರಿಸಲು ನೋಡುತ್ತಾರೆ. ಮೂತಿಯನ್ನು ಚಪ್ಪಟೆಯಾಗಿ ಮಾಡದೆ, ನಡುವೆ ಉಬ್ಬಿ ಎರಡೂ ಬದಿಗೆ ಬಾಗಿದಂತೆ ಮಾಡಿದರೆ, ತಾಗಿದವರು ನೇರ ಮುಂದಕ್ಕೆ ಬೀಳದೆ ಪಕ್ಕಕ್ಕೆ ಜಾರುತ್ತಾರೆ. ದೋಣಿಯ ಮೂತಿ ನೀರನ್ನು ಸೀಳುವ ಹಾಗೆ. ತಲೆ ಬಡಿಯುವ ಎತ್ತರದಲ್ಲಿ ಗಟ್ಟಿಯಾದದ್ದೇನೂ ಇರಬಾರದು, ಗಾಡಿ ಜೋಡಿಸುವ ಕೊಂಡಿ ಹೊರಗೆ ಚಾಚಬಾರದು, ಮುಂದಿನ ಗಾಜಿನ ಎರಡು ಪಕ್ಕದ ಕಂಬಗಳು ಚಾಲಕನ ನೋಟಕ್ಕೆ ಅಡ್ಡ ಬರಬಾರದು. ಯುರೋಪಿನ ಪ್ರಮಾಣೀಕರಣ ಸಂಸ್ಥೆ 2020ರಲ್ಲಿ ಟ್ರಾಮಿನ ಮೂತಿಯ ವಿನ್ಯಾಸ ಮತ್ತು ಪಾದಚಾರಿಗಳ ಸುರಕ್ಷತೆಯ ಬಗ್ಗೆಯೇ ಒಂದು ತಾಂತ್ರಿಕ ವರದಿ ತಂದಿತು. ಮುಂದಿರುವವರನ್ನು ಗುರುತಿಸಿ ಚಾಲಕನನ್ನು ಎಚ್ಚರಿಸುವ ಕ್ಯಾಮೆರಾ, ರೇಡಾರುಗಳೂ ಕೆಲವು ಊರುಗಳಲ್ಲಿ ಬಂದಿವೆ.

ನನ್ನ ಅಭಿಪ್ರಾಯ ಕೇಳಿದರೆ, ಸರಿಸುವುದು ಹಿಡಿಯುವುದಕ್ಕಿಂತ ಮೇಲು. ಹಿಡಿಯುವ ಸಾಧನ ಒಂದು ಕೊಕ್ಕೆಯನ್ನು, ಒಬ್ಬ ಫಿಟ್ಟರನ ಶ್ರದ್ಧೆಯನ್ನು ನಂಬಿದೆ. ಮೂತಿಯ ಆಕಾರ ತುಕ್ಕು ಹಿಡಿಯುವುದಿಲ್ಲ, ಅದನ್ನು ತಂತಿಯಿಂದ ಕಟ್ಟಲೂ ಆಗುವುದಿಲ್ಲ. ಆದರೆ ತಟ್ಟೆಯನ್ನು ಪೂರ್ತಿ ತೆಗೆದುಹಾಕಬಾರದು. ಆಗಲೇ ಹಳಿಯ ಮೇಲೆ ಬಿದ್ದಿರುವವರಿಗೆ ಮೂತಿ ಎಷ್ಟು ಚೆಂದ ಬಾಗಿದ್ದರೂ ಉಪಯೋಗವಿಲ್ಲ.

ನಮ್ಮೂರಲ್ಲಿ ಟ್ರಾಮಿಲ್ಲ, ಇದೆಲ್ಲ ನಮಗೇಕೆ ಎಂದು ಹಾಸನದಲ್ಲಿರುವ ಓದುಗರಿಗೆ ಅನ್ನಿಸಬಹುದು. ಲಾರಿಯ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಪಕ್ಕದಲ್ಲಿ ಉದ್ದಕ್ಕೆ ಎರಡು ಮೂರು ಕಬ್ಬಿಣದ ಪಟ್ಟಿ ಹೊಡೆದಿರುವುದನ್ನು ನೋಡಿದ್ದೀರಲ್ಲ? ಅದು ಈ ತಟ್ಟೆಯದೇ ಸಂಬಂಧಿ. ಬೈಕಿನಿಂದ ಆಯತಪ್ಪಿದವರು, ರಸ್ತೆಯಂಚಿನಲ್ಲಿ ನಡೆಯುವವರು ಹಿಂದಿನ ಗಾಲಿಗೆ ಹೋಗದಿರಲಿ ಎಂದು ಅದನ್ನು ಕಡ್ಡಾಯ ಮಾಡಿದ್ದಾರೆ. ಆದರೆ ಎಷ್ಟೋ ಲಾರಿಗಳಲ್ಲಿ ಅದು ಒಂದು ಕಡೆ ಮುರಿದು ಜೋತುಬಿದ್ದಿರುತ್ತದೆ, ಇಲ್ಲವೇ ಸ್ಟೆಪ್ನಿ ಇಳಿಸಲು ಅಡ್ಡವೆಂದು ಬಿಚ್ಚಿಟ್ಟಿರುತ್ತಾರೆ. ಮಂಡ್ಯದ ಕಡೆ ಕಬ್ಬು ಹೇರಿಕೊಂಡು ರಾತ್ರಿ ಓಡುವ ಟ್ರ್ಯಾಕ್ಟರ್ ಟ್ರೈಲರುಗಳಿಗಂತೂ ಪಕ್ಕದಲ್ಲಿ ಏನೂ ಇರುವುದಿಲ್ಲ. ನಿಮ್ಮದೇ ಲಾರಿಯೋ ಟ್ರೈಲರೋ ಇದ್ದರೆ ಈ ವಾರ ವೆಲ್ಡಿಂಗ್ ಅಂಗಡಿಗೆ ಹೋಗಿಬನ್ನಿ. ಇದನ್ನು ಕೈಮುಗಿದು ಕೇಳುತ್ತಿದ್ದೇನೆ.

ಈಗ ಅಮ್ಮನ ವಿಷಯ. ಅವರಿಗೆ ಆದದ್ದು ಟ್ರಾಮಿನ ಊರುಗಳಲ್ಲಿ ಹೊಸಬರಿಗೆ ಆಗುವ ಹಳೆಯ ಅಪಾಯ. ಇಳಿದ ಟ್ರಾಮು ಕಣ್ಣಿಗೆ ಗೋಡೆಯಾಗುತ್ತದೆ, ಅದರ ಸದ್ದು ಎದುರಿನ ಟ್ರಾಮಿನ ಸದ್ದನ್ನು ನುಂಗುತ್ತದೆ. ಇಳಿದ ಮೇಲೆ ಮೊದಲು ರಸ್ತೆಯಂಚಿಗೋ ನಿಲುಗಡೆಯ ಕಟ್ಟೆಗೋ ಹೋಗಿ, ಆ ಟ್ರಾಮು ಹೊರಟುಹೋಗುವವರೆಗೆ ಅಲ್ಲೇ ನಿಲ್ಲಲಿ. ಎರಡೂ ಹಳಿ ಕಣ್ಣಿಗೆ ಪೂರ್ತಿ ಕಂಡ ಮೇಲೆ, ಸಿಗ್ನಲ್ ಇರುವ ಕಡೆಯೇ ದಾಟಲಿ. ನಮ್ಮೂರಿನಲ್ಲಿ ಬಸ್ಸಿಗೆ ಕೈ ತೋರಿಸಿ ಮುಂದೆ ನುಗ್ಗುವ ಅಭ್ಯಾಸ ಅವರಿಗಿದ್ದರೆ ಟ್ರಾಮಿನ ಮುಂದೆ ಅದು ನಡೆಯುವುದಿಲ್ಲ ಎಂದು ಬಿಡಿಸಿ ಹೇಳಿ; ಬಸ್ಸಿನವನು ತಿರುಗಿಸಿಯಾನು, ಟ್ರಾಮಿನವನ ಕೈಯಲ್ಲಿ ಅದಿಲ್ಲ. ಹಳಿಯ ಸೀಳಿನಲ್ಲಿ ಚಪ್ಪಲಿಯ ತುದಿಯೋ ಊರುಗೋಲೋ ಸಿಕ್ಕಿಕೊಳ್ಳುವುದುಂಟು, ಆದ್ದರಿಂದ ಓರೆಯಾಗಿ ಅಲ್ಲ, ನೇರಕ್ಕೆ ದಾಟಬೇಕು. ಸೀರೆಯ ನೆರಿಗೆಯನ್ನು ಸ್ವಲ್ಪ ಎತ್ತಿ ಹಿಡಿದರೆ ಒಳ್ಳೆಯದು.

ದೇವರು ದೊಡ್ಡವನು, ಹಾಗಾಗದಿರಲಿ. ಆದರೂ ಬಿದ್ದರೆ, ಮಲಗಬಾರದು. ಎದ್ದು ನಿಲ್ಲುವ ಪ್ರಯತ್ನವೂ ಬೇಡ, ಅದಕ್ಕೆ ಸಮಯ ಸಾಲದು. ಬಿದ್ದ ಭಂಗಿಯಲ್ಲೇ ಹಳಿಯಿಂದ ಹೊರಕ್ಕೆ, ಹತ್ತಿರದ ಬದಿಗೆ, ಇನ್ನೊಂದು ಜೋಡಿ ಹಳಿ ಇಲ್ಲದ ಕಡೆಗೆ ಉರುಳಬೇಕು. ಟ್ರಾಮು ಹಳಿಯ ಅಂಚಿನಿಂದ ಆಚೆಗೂ ಅಗಲವಾಗಿರುತ್ತದೆ, ಆದ್ದರಿಂದ ಒಂದು ಸುತ್ತು ಉರುಳಿ ನಿಲ್ಲದೆ ಎರಡು ಮೂರು ಸುತ್ತು.

ಬೇರೆ ಯಾರಾದರೂ ಟ್ರಾಮಿನ ಕೆಳಗೆ ಸಿಕ್ಕಿಕೊಂಡದ್ದನ್ನು ನೀವು ಕಂಡರೆ ಎಳೆಯಲು ಹೋಗಬೇಡಿ. ತಟ್ಟೆಯ ಮೇಲಿರುವವರನ್ನು ಎಳೆದರೆ ಮೂಳೆ ಮುರಿದ ಜಾಗದಲ್ಲಿ ಇನ್ನಷ್ಟು ಹಾನಿಯಾಗುತ್ತದೆ. ಗಾಡಿಯನ್ನು ಹಿಂದಕ್ಕೆ ತೆಗೆಯಿರಿ ಎಂದು ಚಾಲಕನಿಗೆ ಕೂಗುವ ಜನ ಇರುತ್ತಾರೆ. ಅದು ಎಲ್ಲಕ್ಕಿಂತ ಕೆಟ್ಟ ಸಲಹೆ. ಗಾಡಿ ಇದ್ದಲ್ಲೇ ಇರಬೇಕು. 000ಗೆ ಕರೆ ಮಾಡಿ. ರಕ್ಷಣಾ ತಂಡದವರು ಜಾಕ್ ಇಟ್ಟು ಇಡೀ ಟ್ರಾಮನ್ನು ಮೇಲಕ್ಕೆತ್ತಿ ಬಿಡಿಸುತ್ತಾರೆ. ಅಲ್ಲಿಯವರೆಗೆ ಒಬ್ಬರು ಆ ವ್ಯಕ್ತಿಯ ಕಣ್ಣಿಗೆ ಕಾಣುವಂತೆ ಪಕ್ಕದಲ್ಲಿ ಕುಳಿತು ಮಾತಾಡುತ್ತಿರಿ.

ನಿಮ್ಮ ತಂದೆಯವರಿಗೆ ತಟ್ಟೆಯನ್ನು ನೋಡುವ ಆಸೆಯಿದ್ದರೆ, ಹಳೆಯ ಟ್ರಾಮು ನಿಲ್ದಾಣದಲ್ಲಿ ನಿಂತಾಗ ನಿಲುಗಡೆಯ ಕಟ್ಟೆಯ ಮೇಲಿಂದಲೇ, ಹಳಿಗೆ ಇಳಿಯದೆ, ಸ್ವಲ್ಪ ಬಗ್ಗಿ ಮೊದಲ ಗಾಲಿಯ ಮುಂಭಾಗ ನೋಡಲಿ. ಓರೆಯಾಗಿ ಮೇಲಕ್ಕೆ ಎತ್ತಿಟ್ಟ ಪಟ್ಟಿಗಳ ಅಂಚು ಕಾಣುತ್ತದೆ.